ದಾರಿ ಬಿಟ್ಟವನು ಯಾವ ಕಡೆ?

ನನಗೆ ಎರಡೂ ಕಿವಿ ಮಂದ. ಗಾವಡಗೆರೆಯ ಸಮುದಾಯ ಭವನದಲ್ಲಿ ನ್ಯಾಯ ಹೇಳಲು ಕೂತರೆ, ಗೋಡೆಗೆ ಬಡಿದು ಮೊಳಗುವ ಸದ್ದಿನಲ್ಲಿ ಒಂದು ಮಾತೂ ತಿಳಿಯುತ್ತಿರಲಿಲ್ಲ. ಮೈಸೂರಿನ ಅಂಗಡಿಯವನೊಬ್ಬ ಎರಡೂ ಕಿವಿಗೆ ಹೊಸ ಕಿವಿಯಂತ್ರ ಹಾಕಿ, “ಪ್ರತಿಧ್ವನಿ ಪೂರ್ತಿ ಅಳಿಸುತ್ತೆ ಸಾರ್” ಎಂದು ಬೀಗುತ್ತಾ ಪಕ್ಕದಲ್ಲೇ ಕೂತ.

ಅವತ್ತು ಅಣ್ಣತಮ್ಮಂದಿರ ಜಗಳ. ಹೊಲದ ದಾರಿಯನ್ನು ಯಾರ ಜಮೀನಿನಲ್ಲಿ ಬಿಡಬೇಕು ಎಂಬುದು. ಅಣ್ಣ ನನ್ನ ಎಡಕ್ಕೆ, ತಮ್ಮ ಬಲಕ್ಕೆ. ಇಬ್ಬರದೂ ಒಂದೇ ದನಿ. ನಾನು ತಲೆ ತಗ್ಗಿಸಿ ಕಾಫಿ ಕುಡಿಯುತ್ತಿದ್ದಾಗ, “ಆಯ್ತು, ನನ್ ಜಮೀನಲ್ಲೇ ದಾರಿ ಬುಡ್ತೀನಿ ಕಣ್ರೀ” ಎಂಬ ಮಾತು ಸ್ಪಷ್ಟವಾಗಿ ಕೇಳಿಸಿತು. ಆದರೆ ನನ್ನ ತಲೆಯ ನಟ್ಟನಡುವಿನಿಂದ! ಹಿರಿಯನೇ ಇರಬೇಕೆಂದು ಎಡಕ್ಕೆ ತಿರುಗಿ ಅಣ್ಣನಿಗೆ ಕೈಮುಗಿದು, “ದೊಡ್ಡ ಮನಸ್ಸು ಕಣಪ್ಪ ನಿಂದು” ಎಂದೆ.

ತಮ್ಮ ಎದ್ದು ನಿಂತ. “ಬುಟ್ಟೋನು ನಾನು, ಒಗಳಿಸ್ಕೊಳ್ಳೋನು ಅವ್ನಾ? ಬುಡಾಕಿಲ್ಲ ಓಗಿ!” ಎಂದು ಹೊರಗೆ ನಡೆದ.

ಮಾತು ಯಾವ ಕಡೆಯದೆಂದು ಏಕೆ ತಿಳಿಯಲಿಲ್ಲ ಎಂದು ಅಂಗಡಿಯವನನ್ನು ಕೇಳಿದೆ. “ಮಾತು ಕ್ಲಿಯರ್ ಇತ್ತಲ್ಲ ಸಾರ್? ಎಡಗಿವೀದು, ಬಲಗಿವೀದು ಬೇರೆಬೇರೆಯಾಗಿ ಪ್ರತಿಧ್ವನಿ ತೊಳೆಯುತ್ತೆ, ಅದಕ್ಕೇ ದಿಕ್ಕು ಹೋಗುತ್ತೆ. ಎರಡನ್ನೂ ಒಟ್ಟಿಗೆ ಹೊಂದಿಸಿ ತೊಳೆದು ದಿಕ್ಕು ಉಳಿಸೋ ಮಾಡೆಲ್ ಬೇರೆ ಇದೆ” ಎಂದ. ದೇವರು ಎರಡು ಕಿವಿ ಕೊಟ್ಟಿದ್ದು ಕನ್ನಡಕ ಸಿಕ್ಕಿಸಲು ಎಂದುಕೊಂಡಿದ್ದನೋ ಏನೋ, ಈ ಪುಣ್ಯಾತ್ಮ.

ಯಂತ್ರ ಕಿತ್ತು ಅವನ ಕೈಗಿಟ್ಟೆ. ಜಗಲಿಯಲ್ಲಿ ನಿಂತಿದ್ದ ತಮ್ಮನ ಕೈಹಿಡಿದು, ಎಲ್ಲರೆದುರು ಅವನನ್ನೇ ಹೊಗಳಿದ ಮೇಲೆ ಅವನು ದಾರಿಗೆ ಒಪ್ಪಿದ.

ಒಳಗೆ ಬಂದರೆ ಅಣ್ಣ ಆ ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. “ಒಳ್ಳೇ ಮಿಷನ್ನು ಕಣಪ್ಪ” ಎಂದು, ನನಗೂ ಕೇಳಲೆಂದು ನನ್ನ ಕಿವಿಯ ಬಳಿಯೇ ಗಟ್ಟಿಯಾಗಿ, ಅಂಗಡಿಯವನಿಗೆ ಹೇಳಿದ. “ಈ ಊರಲ್ಲಿ ನನ್ನ ಒಗಳ್ಸಿದ್ದು ಇದೊಂದೇಯ.”