‘ಓನ್ ಅಕಾರ್ಡ್’ ಎಂದು ಬರೆಯದ ಚೀಟಿ

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾನು ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದೆ. ಕೆಲಸ ಬಿಡುವ ಆಳಿಗೆ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದುಕೊಡುವುದು ನನ್ನ ಪಾಲಿಗೆ ಬಂದಿತ್ತು. ಆ ಚೀಟಿ ನೋಡದೆ ಸುತ್ತಲಿನ ತೋಟದವರು ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಅದರಲ್ಲಿ ‘ಲೆಫ್ಟ್ ಆಫ್ ಹರ್ ಓನ್ ಅಕಾರ್ಡ್’, ಅಂದರೆ ತಾನಾಗಿಯೇ ಬಿಟ್ಟು ಹೋದಳು ಎಂದಿದ್ದರೆ, ಹಣ್ಣು ಕುಯ್ಯುವ ಪಿಕಿಂಗ್ ನಡುವೆ ಓಡಿಹೋದವಳು ಎಂದೇ ಲೆಕ್ಕ. ಅವಳಿಗೆ ಎಲ್ಲೂ ಕೆಲಸವಿಲ್ಲ.

ಶನಿವಾರಸಂತೆ ಕಡೆಯಿಂದ ಪಿಕಿಂಗಿಗೆ ಬಂದಿದ್ದ ಹೆಂಗಸೊಬ್ಬಳನ್ನು ಮ್ಯಾನೇಜರ್ ಬಂಗಲೆಯ ಪಾತ್ರೆ ತೊಳೆಯಲು ಕರೆದರು. ತಾನು ಬಂದದ್ದು ಹಣ್ಣು ಕುಯ್ಯಲು, ಪಾತ್ರೆ ತೊಳೆಯುವುದಿಲ್ಲ ಎಂದಳು. ಮಧ್ಯಾಹ್ನ ಮೇಸ್ತ್ರಿ, ಆಳುಗಳ ಸಾಲುಮನೆಯಾದ ಲೈನಿನಲ್ಲಿದ್ದ ಅವಳ ಕೋಣೆಯ ಸಾಮಾನು ಹೊರಗೆ ಹಾಕಿ ಬೀಗ ಜಡಿದ. ನಾನು ಹೋಗಿ ನೋಡಿದೆ. ಅಂಗಳದಲ್ಲಿ ಚಾಪೆ, ತಗಡಿನ ಟ್ರಂಕು, ಅರ್ಧ ಬೆಂದ ಅನ್ನದ ಮಡಕೆ. ಮಡಕೆ ಇನ್ನೂ ಬಿಸಿಯಾಗಿತ್ತು.

“ಓನ್ ಅಕಾರ್ಡ್ ಅಂತ ಹಾಕಿ ಕಳ್ಸಿ ರೈಟ್ರೇ,” ಎಂದರು ಮ್ಯಾನೇಜರ್.

“ಅರ್ಧ ಬೆಂದ ಅನ್ನ ಬಿಟ್ಟು ತಾನಾಗೇ ಯಾರು ಹೋಗ್ತಾರೆ ಸಾರ್?”

“ಎಲ್ಲಾ ಎಸ್ಟೇಟಲ್ಲೂ ಹಂಗೇ ಬರ್ಯೋದು. ನಿಮ್ದೇನು ಹೊಸ ಇಂಗ್ಲಿಷು?”

“ಇಂಗ್ಲಿಷು ಹಳೇದೇ. ನಡೆದದ್ದು ಹಾಗಲ್ಲ. ನಾ ಬರ್ಯಲ್ಲ.”

ಎಸ್ಟೇಟಿನವರೇ ಅವಳನ್ನು ಕಳಿಸಿದ್ದಾರೆ, ಅವಳ ಕೆಲಸದಲ್ಲಿ ಕುಂದಿಲ್ಲ ಎಂದು ಬರೆದು ಮುಂದಿಟ್ಟೆ. ಮ್ಯಾನೇಜರ್ ಸಹಿ ಹಾಕಲಿಲ್ಲ. ನಾನೇ ಹಾಕಿ, ಕೆಳಗೆ ‘ಎಸ್ಟೇಟ್ ರೈಟರ್’ ಎಂದು ಸೇರಿಸಿದೆ.

ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾ ಅವಳು ನಕ್ಕಳು. “ನಿಮ್ಗೂ ಒಂದು ಬರ್ದಿಟ್ಕಳಿ ಅಣ್ಣ, ನಾಳೆ ಬೇಕಾಯ್ತದೆ.”

ಪಕ್ಕದ ತೋಟದ ರೈಟರಿಗೆ ನನ್ನ ಕೈಬರಹದ ಪರಿಚಯವಿತ್ತು. ಸಂಜೆಯೊಳಗೆ ಅವಳನ್ನು ಸೇರಿಸಿಕೊಂಡರು. ಮರುದಿನ ಮ್ಯಾನೇಜರ್ ನನ್ನನ್ನು ಕರೆದರು. ಚೀಟಿ ತಪ್ಪಾಗಿ ಕೊಟ್ಟದ್ದು, ಅವಳು ತಾನಾಗಿಯೇ ಹೋದವಳು ಎಂದು ಆ ತೋಟಕ್ಕೆ ಬರೆಯಬೇಕು. ಬರೆದರೆ ನನ್ನ ಕೆಲಸ ಉಳಿಯುತ್ತದೆ ಎಂದರು. ಕಾಗದವನ್ನೂ ಅವರೇ ಮುಂದಕ್ಕೆ ತಳ್ಳಿದರು.

ಆ ಕಾಗದದ ಮೇಲೆ ನನ್ನದೇ ಚೀಟಿ ಬರೆದೆ. ‘ಲೆಫ್ಟ್ ಆಫ್ ಹಿಸ್ ಓನ್ ಅಕಾರ್ಡ್.’

“ಇದಕ್ಕೆ ಸಹಿ ಹಾಕ್ಬೋದು ಸಾರ್,” ಎಂದೆ. “ನಡೆದದ್ದು ಹೀಗೇ.”