ಬೆನ್ನ ಹಿಂದಿನ ಚೆಂಡು

ಗಿಡ್ಡಿ ಅನ್ನುವ ಹೆಸರು ಅವಳಿಗೆ ಶಾಲೆಯಲ್ಲೇ ಅಂಟಿದ್ದು. ಎಷ್ಟು ಹಾರಿದರೂ ಅವಳ ಬೆರಳು ವಾಲಿಬಾಲ್ ನೆಟ್ಟಿನ ಮೇಲಿನ ಪಟ್ಟಿ ದಾಟುತ್ತಿರಲಿಲ್ಲ. ನೋಡೀ ನೋಡೀ ಮೇಷ್ಟ್ರು, ನೀನು ಹೊಡೆಯೋದು ಬೇಡಮ್ಮ, ಹೊಡೆಯೋರಿಗೆ ಎತ್ತಿಕೊಡು ಅಂದರು. ಆವತ್ತಿನಿಂದ ಅವಳು ಲಿಫ್ಟರ್. ಹಿಂದಿನವರು ತಡೆದು ಕೊಟ್ಟ ಚೆಂಡನ್ನು ಬೆರಳ ತುದಿಯಲ್ಲಿ ನೆಟ್ಟಿನ ಮೇಲಕ್ಕೆ ಎತ್ತಬೇಕು, ಇನ್ನೊಬ್ಬಳು ಹಾರಿ ಬಂದು ಹೊಡೆಯಬೇಕು. ಬಟ್ಟೆ ಹೊಲಿದು ಮಗಳನ್ನು ಸಾಕಿದ ಅಮ್ಮ ಒಂದು ಪಂದ್ಯ ನೋಡಿ ಬಂದು, "ಅದೇನೇ, ದುಡಿಯೋಳು ನೀನು, ಚಪ್ಪಾಳೆ ಆ ಹುಡುಗೀಗೆ?" ಅಂತ ಕೇಳಿದಳು.

"ನೀನು ಹೊಲಿದ ಬಟ್ಟೆ ಹಾಕ್ಕೊಂಡೋರಿಗೆ ತಾನೆ ಚೆನ್ನಾಗಿ ಕಾಣ್ತೀಯ ಅನ್ನೋದು" ಅಂದಳು ಮಗಳು.

ಮುಂದೆ ಸಂಬಳಕ್ಕೆ ಆಡುವ ಕ್ಲಬ್ಬಿಗೆ ಸೇರಿದಾಗ ಅವಳ ಕೋಣೆಗೆ ಜೊತೆಯಾಗಿ ಬಂದವಳು ಎಲ್ಲರೂ ಏಣಿ ಅಂತ ಕರೆಯುತ್ತಿದ್ದ ಉದ್ದನೆಯ ಹುಡುಗಿ. ಮಲಗಿದರೆ ಏಣಿಯ ಪಾದ ಮಂಚದಿಂದ ಆಚೆ ಇರುತ್ತಿತ್ತು. ಗಿಡ್ಡಿಯ ಮಂಚದಲ್ಲಿ ಕಾಲ ಬುಡಕ್ಕೆ ಇಬ್ಬರ ಚೀಲ ಇಡುವಷ್ಟು ಜಾಗ ಮಿಗುತ್ತಿತ್ತು. ಬೆಳಿಗ್ಗೆ ಎದ್ದು ಕಿಟಕಿಯ ಸರಳಿನ ಮೇಲೆ ಒಣಗಿದ ಮೊಣಕಾಲು ಪಟ್ಟಿ ತೆಗೆದುಕೊಂಡು ಇಬ್ಬರೂ ಎದುರುಬದುರು ಕೂರುವರು. ಗಿಡ್ಡಿಯ ಬೆರಳಿಗೆ ಟೇಪು ಸುತ್ತುವುದು ಏಣಿಯ ಕೆಲಸ. ತನ್ನ ಕೈಗೆ ತಾನೇ ಸುತ್ತಿಕೊಂಡರೆ ಒಂದೋ ಸಡಿಲ, ಇಲ್ಲ ಬಿಗಿ.

ಅವರಿಬ್ಬರ ಆಟಕ್ಕೆ ಕಣ್ಣು ಬೇಕಿರಲಿಲ್ಲ. ಗಿಡ್ಡಿ ಏಣಿಗೆ ಬೆನ್ನು ಮಾಡಿ ನಿಲ್ಲುವಳು. ಹಿಂದೆ ಏಣಿಯ ಬೂಟು ಚೀರ್, ಚೀರ್ ಅಂತ ಎರಡು ಸಲ ಸಣ್ಣಗೆ ಉಜ್ಜಿ, ಆಮೇಲೆ ಉದ್ದಕ್ಕೆ ಒಂದು ಸಲ ಉಜ್ಜುತ್ತಿತ್ತು. ಆ ಉದ್ದನೆಯ ಸದ್ದಿಗೆ ಸರಿಯಾಗಿ ಗಿಡ್ಡಿ ತಿರುಗಿ ನೋಡದೆ ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ಬಿಡುವಳು. ಏಣಿಯ ಅಂಗೈ ಅಲ್ಲಿ ಇದ್ದೇ ಇರುತ್ತಿತ್ತು. ಎದುರಿನವರು ಕೈ ಎತ್ತುವಷ್ಟರಲ್ಲಿ ಚೆಂಡು ನೆಲ ಮುಟ್ಟಿರುತ್ತಿತ್ತು. ಪಾಯಿಂಟು ಬಂದ ಮೇಲೂ ಏಣಿ ಹತ್ತಿರ ಬಂದು, "ಒಂದು ಬೆರಳು ತಗ್ಗಿತ್ತು ಕಣೆ" ಅನ್ನುವಳು. ನಾನು ತಗ್ಗಿಸಲಿಲ್ಲ, ನೀನೇ ಒಂದು ಬೆರಳು ಬೆಳೆದಿದ್ದೀಯ ಅಂತ ಇವಳು. ಪ್ರತಿ ಸಲವೂ ಅದೇ ಮಾತು, ಅದೇ ನಗು.

ದೊಡ್ಡ ಕ್ಲಬ್ಬಿನವರು ಏಣಿಯನ್ನು ಕರೆದರು. ಹೋಗು ಅಂದವಳೂ ಗಿಡ್ಡಿಯೇ. ನಿನ್ನನ್ನೂ ಕರೆಸಿಕೊಳ್ಳುತ್ತೇನೆ ಅಂತ ಏಣಿ ಹೇಳಿದ್ದು ಸುಳ್ಳಲ್ಲ, ಕೇಳಿಯೂ ನೋಡಿದಳು. ಅವರ ಹತ್ತಿರ ಎತ್ತಿಕೊಡುವವಳು ಆಗಲೇ ಇದ್ದಳು. ದಿನಾ ಬರುತ್ತಿದ್ದ ಫೋನು ವಾರಕ್ಕಾಯಿತು, ವಾರದ್ದು ಹುಟ್ಟುಹಬ್ಬಕ್ಕಾಯಿತು. ಜಗಳವೇನಿಲ್ಲ. ಫೋನಿನಲ್ಲಿ ಎಲ್ಲ ಮಾತಾಡಬಹುದು, ಚೆಂಡು ಎತ್ತಿಕೊಡಲು ಬರುವುದಿಲ್ಲ.

ಗಿಡ್ಡಿಗೆ ಬೇರೆ ಆಸೆ ಏನೂ ಉಳಿಯಲಿಲ್ಲ. ಏಣಿಗೆ ಇನ್ನೊಂದೇ ಒಂದು ಚೆಂಡು ಎತ್ತಿಕೊಡಬೇಕು. ಪಂದ್ಯವೇ ಆಗಬೇಕೆಂದಿಲ್ಲ, ಯಾವುದಾದರೂ ಬಯಲಾದರೂ ಸರಿ. ಹೊಸದಾಗಿ ಬಂದ ಹುಡುಗಿಗೆ ತೋಳಿನಲ್ಲಿ ಬಲ ಇತ್ತು, ಆದರೆ ಇವಳು ಎತ್ತುವುದಕ್ಕೂ ಅವಳು ಹಾರುವುದಕ್ಕೂ ಎತ್ತು ಏರಿಗೆ, ಕೋಣ ನೀರಿಗೆ. ಟೇಪನ್ನು ಗಿಡ್ಡಿ ಹಲ್ಲಿನಲ್ಲಿ ಕಚ್ಚಿ ಹರಿದು ತಾನೇ ಸುತ್ತಿಕೊಳ್ಳುತ್ತಿದ್ದಳು. ಮೊಣಕಾಲೂ ನೋಯುತ್ತಿತ್ತು. ಈ ವರ್ಷ ನೋಡೋಣ, ಮುಂದಿನ ವರ್ಷದ ಮಾತು ಆಮೇಲೆ ಅಂತ ಕೋಚ್ ಹೇಳಿಯಾಗಿತ್ತು.

ಆ ವರ್ಷದ ಕೊನೆಯ ಪಂದ್ಯ ಏಣಿಯ ಕ್ಲಬ್ಬಿನ ಮೇಲೆಯೇ ಬಿತ್ತು. ನೆಟ್ಟಿನ ಆಚೆ ಏಣಿ, ಈಚೆ ಗಿಡ್ಡಿ. ಸಮಸಮ ಆಡಿ ಆಡಿ ಕೊನೆಯ ಪಾಯಿಂಟಿಗೆ ಬಂದು ನಿಂತಿತು. ಹಿಂದಿನಿಂದ ಚೆಂಡು ಮೇಲೆದ್ದು ಬಂತು. ಗಿಡ್ಡಿ ಅದರ ಕೆಳಗೆ ಹೋಗಿ ನಿಂತಳು. ಎದುರಿಗೆ ಹೊಸ ಹುಡುಗಿ ಓಡಿ ಬರುತ್ತಿದ್ದಳು, ಅವಳಿಗೇ ಕೊಡಬೇಕೆಂದು ಮನಸ್ಸು ಮಾಡಿಯೂ ಆಗಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಚೀರ್, ಚೀರ್ ಅಂತ ಎರಡು ಸಣ್ಣ ಸದ್ದು, ಆಮೇಲೆ ಒಂದು ಉದ್ದನೆಯದು.

ಕೈ ಮನಸ್ಸಿನ ಮಾತು ಕೇಳಲಿಲ್ಲ. ಚೆಂಡು ತಲೆಯ ಮೇಲಿಂದ ಹಿಂದಕ್ಕೆ ಹೋಯಿತು. ತಡೆಯಲೆಂದು ನೆಟ್ಟಿನ ಆಚೆ ಓಡಿ ಬಂದು ಹಾರಿದ್ದ ಏಣಿಯ ಅಂಗೈ ಮುಂದೆ, ಪಟ್ಟಿಯಿಂದ ಆಚೆಗೆ, ಚೆಂಡು ಹೂವಿನ ಹಾಗೆ ನಿಂತಿತು. ಏಣಿಯ ಕೈಯೂ ಯಾರನ್ನೂ ಕೇಳಲಿಲ್ಲ. ಹೊಡೆಯಿತು.

ಪಂದ್ಯ ಹೋಯಿತು. ಯಾರಿಗೆ ಎತ್ತಿದೆ ಅಂತ ಕೋಚ್ ಕೇಳಿದರು. ಹಿಂದೆ ಇದ್ದವಳಿಗೆ ಅಂದಳು ಗಿಡ್ಡಿ. "ಹಿಂದೆ ನಮ್ಮೋರು ಯಾರೂ ಇರಲಿಲ್ಲವಲ್ಲಮ್ಮ" ಅಂದರು ಅವರು. ಬೈದಿದ್ದರೆ ವಾಸಿ ಇತ್ತು.

ನೆಟ್ಟಿನ ಕೆಳಗೆ ಎರಡು ಕಡೆಯವರೂ ಸಾಲಾಗಿ ಕೈ ಕುಲುಕಿದರು. ಏಣಿಯ ಸರದಿ ಬಂದಾಗ ಅವಳು ಗಿಡ್ಡಿಯ ಕೈ ಬಿಡಲಿಲ್ಲ. ಬೆರಳ ಮೇಲೆ ಸಡಿಲವಾಗಿ ಎದ್ದಿದ್ದ ಟೇಪನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಕಣ್ಣು ತುಂಬಿಕೊಂಡೇ ಅಂದಳು, "ಒಂದು ಬೆರಳು ತಗ್ಗಿತ್ತು ಕಣೆ."

ಗಿಡ್ಡಿಗೆ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಹಿಂದಿನವರು ನೂಕಿದರು, ಸಾಲು ಮುಂದಕ್ಕೆ ಹೋಯಿತು.

ಮುಂದಿನ ವರ್ಷ ಕ್ಲಬ್ಬು ಅವಳನ್ನು ಇಟ್ಟುಕೊಳ್ಳಲಿಲ್ಲ, ಅದು ಅವಳಿಗೆ ಆವತ್ತೇ ಗೊತ್ತಿತ್ತು. ಪಂದ್ಯ ಮುಗಿದ ರಾತ್ರಿಯೇ ಊರಿಗೆ ಹೋಗುವ ಬಸ್ಸಿನಲ್ಲಿ ಕೂತು ಎಲ್ಲ ಬೆರಳಿನ ಟೇಪೂ ಬಿಚ್ಚಿದಳು, ಏಣಿ ಒತ್ತಿದ್ದೊಂದನ್ನು ಬಿಟ್ಟು. ಚೆಂಡು ತಗ್ಗಿರಲಿಲ್ಲ. ಅಷ್ಟು ಸರಿಯಾದ ಚೆಂಡನ್ನು ಅವಳು ಏಣಿ ಹೋದ ಮೇಲೆ ಎತ್ತಿಯೇ ಇರಲಿಲ್ಲ.