ಹಾಲು ಕರೆದಾದ ಮೇಲೆ ಹೇಳಿ

ಗೆಳೆಯರೇ, ಇವತ್ತು ತಿಪಟೂರಿನಲ್ಲಿ ನಡೆದ ತೆಂಗು ಬೆಳೆಗಾರರ ಸಮಾವೇಶದಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಬರುವವರಲ್ಲಿ ವಯಸ್ಸಾದವರೇ ಹೆಚ್ಚು. ಹಾಗಾಗಿ ಗೇಟಿನ ಬಳಿ ಆಂಬುಲೆನ್ಸ್ ನಿಲ್ಲಿಸಿದ್ದೆವು. ಫಾರಂನಲ್ಲಿ ನಾನೇ ಒಂದು ಸಾಲು ಸೇರಿಸಿದ್ದೆ: ‘ಜೀವಕ್ಕೆ ಹೆಚ್ಚುಕಮ್ಮಿಯಾದರೆ ಯಾರಿಗೆ ತಿಳಿಸಬೇಕು?’

ಅದನ್ನು ನೋಡಿ ಕಾರ್ಯದರ್ಶಿ ನಂಜುಂಡಪ್ಪನವರು ಕೆಂಡಾಮಂಡಲವಾದರು. “ಒಳ್ಳೆ ಕೆಲ್ಸಕ್ಕೆ ಜನ ಸೇರ್ತಿದಾರೆ, ಬಾಗಿಲಲ್ಲೇ ಸಾವಿನ ಮಾತಾ? ಹೊಡೆದಾಕ್ರೀ ಅದನ್ನ!”

ಅಷ್ಟರಲ್ಲಿ ಕಂದಿಕೆರೆಯ ರಂಗಜ್ಜ ಬಂದು ನನ್ನೆದುರು ಕೂತರು. ಅಳುಕುತ್ತಲೇ ಆ ಸಾಲು ಓದಿ ಹೇಳಿದೆ. ಅವರಿಗೇನೂ ಬೇಸರವಾಗಲಿಲ್ಲ.

“ಬರ್ಕಳವ್ವ. ನಮ್ಮನೆಯವಳಿಗೆ ಸೀದಾ ಫೋನ್ ಮಾಡ್ಬ್ಯಾಡಿ. ಪಕ್ಕದ್ಮನೆ ಗೌರಮ್ಮಂಗೆ ಹೇಳಿ, ಅವ್ಳು ಹತ್ರ ಕುಂತ್ಕಂಡು ಹೇಳ್ಲಿ. ಸಾಯಂಕಾಲ ಆಗಿದ್ರೆ ಹಾಲು ಕರೆದಾದ್ಮೇಲೆ ಹೇಳ್ಲಿ. ಆ ಹಸ ಬೇರೆಯವ್ರನ್ನ ಹತ್ರಕ್ಕೇ ಬುಡಲ್ಲ, ಪಾಪ, ಕೆಚ್ಚಲು ಬಿಗ್ಕಂಡು ಒದ್ದಾಡ್ತದೆ.”

ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ನಂಜುಂಡಪ್ಪನವರು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಸಂಜೆ ಸಮಾವೇಶ ಮುಗಿದಾಗ ರಂಗಜ್ಜ ಮತ್ತೆ ಬಂದರು. “ಆ ಚೀಟಿ ಕೊಡವ್ವ, ಈಗ ನಾನೇ ಮನೆಗೆ ಹೋಗ್ತಿದೀನಲ್ಲ.” ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಬಸ್ ಹಿಡಿಯಲು ಹೊರಟರು.

ಉಳಿದ ಫಾರಂಗಳನ್ನು ಜೋಡಿಸುವಾಗ ಕಟ್ಟಿನ ಕೆಳಗೆ ನಂಜುಂಡಪ್ಪನವರದೂ ಸಿಕ್ಕಿತು. ‘ಹೆಂಡತಿಗೆ ತಿಳಿಸಿ. ಆದರೆ ಮೊದಲು ಅವಳ ತಂಗಿಯನ್ನು ಕರೆಸಿ...’

ಒಂದು ಸಾಲನ್ನು ಹೊಡೆದುಹಾಕಿ ಎಂದ ಮಹಾನುಭಾವರು, ಜಾಗ ಸಾಕಾಗದೆ ಹಾಳೆಯ ಹಿಂಬದಿಯನ್ನೂ ತುಂಬಿಸಿದ್ದರು.